ಮನೆಗೆ ಹೊಸ ಕಂಪ್ಯೂಟರ್: ಅಂಗಡಿಯವರಿಗೆ ಬಿಡದೆ ಮನೆಯವರೇ ಮಾಡಿಕೊಳ್ಳಬೇಕಾದ ಕೆಲಸ

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ಹೆಚ್ಚುಕಡಿಮೆ 2018ರಿಂದ ಈಚೆಗಿನ ಪ್ರೊಸೆಸರ್ ಇರಬೇಕು. ಹೀಗಾಗಿ ಹತ್ತು ವರ್ಷ ದುಡಿದು ಇನ್ನೂ ಚೆನ್ನಾಗಿಯೇ ನಡೆಯುತ್ತಿರುವ ಕಂಪ್ಯೂಟರನ್ನು ಬದಿಗಿಟ್ಟು ಹೊಸದನ್ನು ತರಬೇಕಾದ ಅನಿವಾರ್ಯತೆ ಅನೇಕ ಮನೆಗಳಿಗೆ ಬಂದಿದೆ.

ಕಂಪ್ಯೂಟರ್ ಮನೆಗೆ ಬಂದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು. ಅಂಗಡಿಯ ಹುಡುಗನೊಬ್ಬ ಬರುತ್ತಾನೆ, ವೈರುಗಳನ್ನು ಜೋಡಿಸುತ್ತಾನೆ, ಪರದೆಯ ಮೇಲೆ ಬಂದ ಪ್ರಶ್ನೆಗಳಿಗೆಲ್ಲ ತಾನೇ ಉತ್ತರ ಒತ್ತುತ್ತಾನೆ, "ರೆಡಿ ಆಯ್ತು ಸಾರ್" ಎಂದು ಹೊರಡುತ್ತಾನೆ. ಮನೆಯವರಿಗೂ ಅದೇ ಸಮಾಧಾನ. ಆದರೆ ಆ ಅರ್ಧ ಗಂಟೆಯಲ್ಲಿ ಆತ ಯಾವ ಇಮೇಲ್ ಹಾಕಿದ, ಯಾವ ಪಾಸ್‌ವರ್ಡ್ ಕೊಟ್ಟ, ಯಾರ ಮೊಬೈಲ್ ನಂಬರ್ ಬರೆದ ಎಂಬುದು ಮನೆಯ ಯಾರಿಗೂ ಗೊತ್ತಿರುವುದಿಲ್ಲ. ಮೊದಲೆಲ್ಲ ಇದರಿಂದ ದೊಡ್ಡ ತೊಂದರೆ ಆಗುತ್ತಿರಲಿಲ್ಲ. ಈಗ ಆಗುತ್ತದೆ. ಅದಕ್ಕೆ ಕಾರಣ ತಿಳಿದುಕೊಂಡರೆ ಮೊದಲ ದಿನದ ಕೆಲಸವನ್ನು ಮನೆಯವರೇ ಕುಳಿತು ಏಕೆ ಮಾಡಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ.

ಬೀಗ ಒಳಗೆ, ಕೀಲಿ ಖಾತೆಯಲ್ಲಿ

ಹಿಂದೆ ಕಂಪ್ಯೂಟರ್ ಕೆಟ್ಟರೆ ರಿಪೇರಿಯವರು ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೊಂದು ಕಂಪ್ಯೂಟರ್‌ಗೆ ಜೋಡಿಸಿ ಫೋಟೋ, ಕಾಗದಪತ್ರಗಳನ್ನು ತೆಗೆದುಕೊಡುತ್ತಿದ್ದರು. ವಿಂಡೋಸ್ 11 ಇರುವ ಅನೇಕ ಹೊಸ ಕಂಪ್ಯೂಟರ್‌ಗಳಲ್ಲಿ ಈ ದಾರಿ ಮುಚ್ಚಿದೆ. ಮೊದಲ ಬಾರಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಗೆ ಹೋದಾಗ ಡಿಸ್ಕಿನಲ್ಲಿರುವ ಎಲ್ಲವನ್ನೂ ಗೂಢಲಿಪಿಗೆ ಬದಲಿಸುವ ವ್ಯವಸ್ಥೆಯೊಂದು ತಾನಾಗಿ ಜಾರಿಗೆ ಬರುತ್ತದೆ. ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು. ಲ್ಯಾಪ್‌ಟಾಪ್ ಕಳ್ಳತನವಾದರೂ ಒಳಗಿರುವುದನ್ನು ಕಳ್ಳ ಓದಲಾರ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ.

ಈ ಬೀಗಕ್ಕೆ 48 ಅಂಕಿಗಳ ಒಂದು ರಿಕವರಿ ಕೀ ಇರುತ್ತದೆ. ದಿನನಿತ್ಯದ ಬಳಕೆಯಲ್ಲಿ ಅದನ್ನು ಕಂಪ್ಯೂಟರ್ ಕೇಳುವುದೇ ಇಲ್ಲ, ಆದ್ದರಿಂದ ಅಂಥದೊಂದು ಇದೆ ಎಂಬುದೂ ಬಹಳ ಮಂದಿಗೆ ತಿಳಿಯದು. ಆದರೆ ಮದರ್‌ಬೋರ್ಡ್ ಬದಲಿಸಿದಾಗ, ಬಯೋಸ್‌ನಲ್ಲಿ ಯಾವುದಾದರೂ ಬದಲಾವಣೆ ಆದಾಗ, ಕೆಲವೊಮ್ಮೆ ಒಂದು ಅಪ್‌ಡೇಟ್ ಆದ ನಂತರವೂ ಕಂಪ್ಯೂಟರ್ ಅನುಮಾನಪಟ್ಟು ನೀಲಿ ಪರದೆ ತೋರಿಸಿ ಆ ಅಂಕಿಗಳನ್ನು ಕೇಳುತ್ತದೆ. ಕೀ ಇರುವುದು ಮೊದಲ ದಿನ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ಅಂಗಡಿಯ ಹುಡುಗ ಆ ಕ್ಷಣಕ್ಕೆ ಸೃಷ್ಟಿಸಿ ಮರೆತುಬಿಟ್ಟದ್ದಾದರೆ?

ಮೂರು ವರ್ಷದ ನಂತರದ ಒಂದು ಬೆಳಗ್ಗೆಯನ್ನು ಊಹಿಸಿಕೊಳ್ಳಬಹುದು. ಕಂಪ್ಯೂಟರ್‌ನಲ್ಲಿ ಮಗಳ ಮದುವೆಯ ಫೋಟೋಗಳಿವೆ, ತೀರಿಕೊಂಡ ತಂದೆಯವರು ಮಾತನಾಡಿದ ವಿಡಿಯೋ ಇದೆ, ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿ ಇದೆ, ಬಸದಿಯ ಜೀರ್ಣೋದ್ಧಾರ ಸಮಿತಿಯ ಲೆಕ್ಕವಿದೆ. ಡಿಸ್ಕ್ ಕೆಟ್ಟಿಲ್ಲ, ಒಂದು ಅಕ್ಷರವೂ ಅಳಿಸಿಹೋಗಿಲ್ಲ. ಆದರೂ ಯಾವುದೂ ಸಿಗುವುದಿಲ್ಲ. ಕಳೆದುಹೋದ ಕೀಯನ್ನು ಮತ್ತೆ ಸೃಷ್ಟಿಸಿಕೊಡಲು ತನ್ನಿಂದ ಸಾಧ್ಯವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಎಷ್ಟು ಹಣ ಕೊಟ್ಟರೂ ರಿಪೇರಿಯವರಿಂದಲೂ ಆಗುವುದಿಲ್ಲ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡುವುದೊಂದೇ ಉಳಿದ ದಾರಿ.

ಆದ್ದರಿಂದ ಖಾತೆಯನ್ನು ಮನೆಯ ಹಿರಿಯರೊಬ್ಬರ ಇಮೇಲ್‌ನಲ್ಲಿ, ಮನೆಯಲ್ಲೇ ಇರುವ ಮೊಬೈಲ್ ನಂಬರ್ ಕೊಟ್ಟು ಮಾಡಬೇಕು. ಹೊಸ ಇಮೇಲ್ ಬೇಕೆಂದೇನೂ ಇಲ್ಲ, ಈಗಾಗಲೇ ಬಳಸುತ್ತಿರುವ ಜಿಮೇಲ್ ವಿಳಾಸದಿಂದಲೇ ಮೈಕ್ರೋಸಾಫ್ಟ್ ಖಾತೆ ತೆರೆಯಬಹುದು. ಅದರ ಜೊತೆಗೆ ಮಗನದೋ ಸೊಸೆಯದೋ ಇಮೇಲ್ ಒಂದನ್ನು ಎರಡನೆಯ ಸಂಪರ್ಕವಾಗಿ ಸೇರಿಸಿಡಬೇಕು. ಮೊಬೈಲ್ ನಂಬರ್ ಬದಲಾದ ದಿನ ಬ್ಯಾಂಕಿಗೆ ತಿಳಿಸುವಂತೆ ಈ ಖಾತೆಯಲ್ಲಿಯೂ ಬದಲಿಸುವುದನ್ನು ಮರೆಯಬಾರದು.

ನಂತರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಭಾಗಕ್ಕೆ ಹೋಗಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ಎಂದು ನೋಡಬೇಕು. ಇದ್ದರೆ ಯಾವುದಾದರೂ ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಪ್ರವೇಶಿಸಿ, ಡಿವೈಸಸ್ ಎಂಬಲ್ಲಿ ಈ ಕಂಪ್ಯೂಟರ್‌ನ ಹೆಸರಿನ ಕೆಳಗೆ ರಿಕವರಿ ಕೀಯನ್ನು ಹುಡುಕಿ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕು, ಇಲ್ಲವೇ ಕೈಯಲ್ಲೇ ಬರೆದುಕೊಳ್ಳಬೇಕು. ಕೀ ಜೊತೆಗೆ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನೂ ಬರೆದಿಡಬೇಕು. ನೀಲಿ ಪರದೆ ಬಂದಾಗ ಅದು ಯಾವ ಕೀ ಕೇಳುತ್ತಿದೆ ಎಂದು ಹೊಂದಿಸಿ ನೋಡಲು ಅದೇ ಗುರುತು. ಈ ಕಾಗದ ಇರಬೇಕಾದ ಜಾಗ ಮನೆಪತ್ರ, ವಿಮಾ ಪಾಲಿಸಿಗಳಿರುವ ಬೀರು. ಕಂಪ್ಯೂಟರ್ ಒಳಗೇ ಸೇವ್ ಮಾಡಿದರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದಂತೆ.

ಪಿನ್ ಬಗ್ಗೆಯೂ ಒಂದು ಮಾತು. ದಿನವೂ ಒತ್ತುವ ನಾಲ್ಕಾರು ಅಂಕಿಯ ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸಂಬಂಧಿಸಿದ್ದು. ಖಾತೆಯ ಪಾಸ್‌ವರ್ಡ್ ಬೇರೆ. ಪಿನ್ ನೆನಪಿದೆ ಎಂಬ ಧೈರ್ಯದಲ್ಲಿ ಪಾಸ್‌ವರ್ಡ್ ಮರೆತವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ಇಡುವ ಜಾಗ, ವಿದ್ಯುತ್ತು

ಜೋಡಣೆ ಕಷ್ಟದ್ದಲ್ಲ. ಈಗಿನ ವೈರುಗಳು ತಪ್ಪು ಜಾಗಕ್ಕೆ ಹೋಗದಂಥ ಆಕಾರದಲ್ಲಿಯೇ ಇರುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್‌ನ ವೈರನ್ನು ಆ ಕಾರ್ಡಿನ ಕಿಂಡಿಗೇ ಹಾಕಬೇಕು, ಮೇಲಿನ ಮದರ್‌ಬೋರ್ಡ್ ಕಿಂಡಿಗೆ ಹಾಕಿದರೆ ಪರದೆ ಕಪ್ಪಗೇ ಉಳಿಯಬಹುದು. ಎಲ್ಲ ಸರಿಯಿದ್ದೂ ಯಂತ್ರ ಸದ್ದೇ ಮಾಡದಿದ್ದರೆ ಹಿಂಬದಿಯಲ್ಲಿ ವಿದ್ಯುತ್ ವೈರಿನ ಪಕ್ಕದ ಪುಟ್ಟ ಸ್ವಿಚ್ಚನ್ನು ಮೊದಲು ನೋಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಮೂರು ಪಿನ್ನಿನ ಸಾಕೆಟ್ ಇರಬೇಕು, ಅದಕ್ಕೆ ನಿಜವಾಗಿ ಅರ್ಥಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಒಳಗೆ ಅರ್ಥ್ ವೈರ್ ಎಳೆದಿರುವುದಿಲ್ಲ. ಕಂಪ್ಯೂಟರ್‌ನ ಲೋಹದ ಮೈ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೆ ಅದೇ ಸೂಚನೆ. ಕೂಡಲೇ ಎಲೆಕ್ಟ್ರಿಷಿಯನ್‌ನಿಂದ ತೋರಿಸಬೇಕು.

ಮನೆಗೆ ಇನ್ವರ್ಟರ್ ಇದೆ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಏಕೆ ಎಂದು ಕೇಳುವವರಿದ್ದಾರೆ. ಕರೆಂಟ್ ಹೋದಾಗ ಸಾಮಾನ್ಯ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಒಂದು ಚಿಕ್ಕ ಕ್ಷಣ ತೆಗೆದುಕೊಳ್ಳುತ್ತದೆ. ದೀಪ, ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನು ಹಾಕಿ ನೋಡಬಹುದು, ಇಲ್ಲದಿದ್ದರೆ 600 ವಿಎ ಸಾಮರ್ಥ್ಯದ ಚಿಕ್ಕ ಯುಪಿಎಸ್ ಸಾಕು. ಅದು ಕೊಡುವ ಕೆಲವು ನಿಮಿಷ ಕೆಲಸವನ್ನು ಸೇವ್ ಮಾಡಿ ಮುಚ್ಚುವುದಕ್ಕೆ, ಸಿನಿಮಾ ಮುಗಿಸುವುದಕ್ಕಲ್ಲ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬಾರದು. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ಚಿಕ್ಕ ಯುಪಿಎಸ್ ತಾಳುವುದಿಲ್ಲ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಈ ಚಿಂತೆಯಿಲ್ಲ.

ಮಲೆನಾಡು, ಕರಾವಳಿಯ ಮನೆಗಳಿಗೆ ಸಿಡಿಲಿನ ಭಯ ಬೇರೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಇಂಟರ್‌ನೆಟ್ ಫೈಬರ್‌ನಲ್ಲಿ ಬರುತ್ತಿದೆ, ಅದು ಗಾಜಿನ ಎಳೆ, ಸಿಡಿಲು ಅದರಲ್ಲಿ ಬರುವುದಿಲ್ಲ ಎಂಬುದು ನಿಜ. ಆದರೆ ಫೈಬರ್ ಬಂದು ಸೇರುವ ಮೋಡೆಮ್ ಪೆಟ್ಟಿಗೆ ವಿದ್ಯುತ್ತಿನಲ್ಲೇ ನಡೆಯುತ್ತದೆ, ಅಲ್ಲಿಂದ ಕಂಪ್ಯೂಟರ್‌ಗೆ ಬರುವ ಲ್ಯಾನ್ ವೈರ್ ತಾಮ್ರದ್ದು. ಗುಡುಗು ಕೇಳಿಸಿದ ಕೂಡಲೇ ಇವೆರಡನ್ನೂ ತೆಗೆದಿಡುವುದು ಕ್ಷೇಮ.

ಮೊದಲ ಬಾರಿ ಆನ್ ಮಾಡಿದಾಗ

ದೇಶ ಭಾರತ, ಸಮಯ ಭಾರತದ ಸಮಯ, ವೈ-ಫೈ, ನಂತರ ಮೇಲೆ ಹೇಳಿದ ಖಾತೆ. ಇವುಗಳ ನಡುವೆ ಬರುವ ಜಾಹೀರಾತಿನ ಗುರುತು, ಬಳಕೆಯ ಮಾಹಿತಿ ಕಳುಹಿಸುವುದು ಮುಂತಾದ ಪ್ರಶ್ನೆಗಳಿಗೆಲ್ಲ ಬೇಡ ಎಂದರೂ ಕಂಪ್ಯೂಟರ್ ಸರಿಯಾಗಿಯೇ ನಡೆಯುತ್ತದೆ. ಮೊದಲ ದಿನ ಅಪ್‌ಡೇಟ್‌ಗಳು ಬಹಳ ಇರುತ್ತವೆ, ಎರಡು ಮೂರು ಬಾರಿ ಆರಿ ಹೊತ್ತಿಕೊಳ್ಳುತ್ತದೆ. ಆಗ ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿಹಿಡಿಯಬಾರದು.

ಜೊತೆಗೆ ಬಂದ ಆಂಟಿವೈರಸ್ ಸಾಮಾನ್ಯವಾಗಿ ಕೆಲವು ದಿನದ ಉಚಿತ ಮಾದರಿ. ಅವಧಿ ಮುಗಿದ ಮೇಲೆ ಹಣ ಕಟ್ಟಿ ಎಂದು ಪದೇಪದೇ ಹೆದರಿಸುತ್ತದೆ. ವಿಂಡೋಸ್‌ನಲ್ಲೇ ಇರುವ ರಕ್ಷಣೆ ಮನೆಯ ಬಳಕೆಗೆ ಸಾಕಾಗುತ್ತದೆ, ಆ ಮಾದರಿಯನ್ನು ತೆಗೆದುಹಾಕಬಹುದು. ಅಂಗಡಿಯವರು "ಆಫೀಸ್ ಫ್ರೀಯಾಗಿ ಹಾಕಿ ಕೊಡ್ತೀವಿ" ಎಂದರೆ ಬಿಲ್ಲಿನಲ್ಲಿ ಅದರ ಲೈಸೆನ್ಸ್ ನಮೂದಾಗಿದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಅದು ಕದ್ದ ಪ್ರತಿ, ಅದರ ಬೀಗ ಒಡೆಯಲು ಬಳಸಿದ ತಂತ್ರಾಂಶದ ಜೊತೆ ಇನ್ನೇನು ಒಳಗೆ ಬಂದಿರುತ್ತದೆಯೋ ಹೇಳಲಾಗದು. ಪತ್ರ, ಲೆಕ್ಕ ಬರೆಯಲು ಲಿಬ್ರೆಆಫೀಸ್ ಉಚಿತವಾಗಿಯೇ ಸಿಗುತ್ತದೆ, ಕನ್ನಡವೂ ಅದರಲ್ಲಿ ಚೆನ್ನಾಗಿ ಬರುತ್ತದೆ.

512 ಜಿಬಿ ಎಂದು ಹಣ ಕೊಟ್ಟು ತಂದದ್ದು ಪರದೆಯಲ್ಲಿ 476 ಜಿಬಿ ಎಂದು ಕಾಣುವುದರಿಂದ ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಇದು ಮೋಸವಲ್ಲ. ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ಕಾರಣಕ್ಕೆ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುತ್ತದೆ.

ಮಕ್ಕಳೂ ಅದೇ ಕಂಪ್ಯೂಟರ್ ಬಳಸುವುದಾದರೆ ಅವರಿಗೆ ಬೇರೆ ಯೂಸರ್ ಮಾಡಿ, ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡದೆ ಸ್ಟ್ಯಾಂಡರ್ಡ್ ಎಂದು ಇಡಬೇಕು. ಆಟದ ಹೆಸರಿನಲ್ಲಿ ಬರುವ ತಂತ್ರಾಂಶಗಳು ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಹೊರಟಾಗ ಹಿರಿಯರ ಪಿನ್ ಕೇಳುತ್ತದೆ.

ಕನ್ನಡ ಬರೆಯುವುದಕ್ಕೆ

ವಿಂಡೋಸ್‌ನಲ್ಲಿ ಕನ್ನಡ ಓದಲು ಏನೂ ಹಾಕಬೇಕಿಲ್ಲ, ಅದಕ್ಕೆ ಬೇಕಾದ ನಿರ್ಮಲಾ ಫಾಂಟ್ ಮೊದಲೇ ಇರುತ್ತದೆ. ಬರೆಯಲು ಸೆಟ್ಟಿಂಗ್ಸ್‌ನ ಟೈಮ್ ಅಂಡ್ ಲ್ಯಾಂಗ್ವೇಜ್ ಭಾಗದಲ್ಲಿ ಕನ್ನಡವನ್ನು ಸೇರಿಸಿ ಕೀಲಿಮಣೆ ಆರಿಸಿಕೊಳ್ಳಬೇಕು. ಕನ್ನಡ ಎಂದಷ್ಟೇ ಹೆಸರಿರುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆ, ಹಿಂದಿ, ತೆಲುಗಿಗೂ ಇದೇ ಕ್ರಮ. ಇನ್ನೊಂದು ಕನ್ನಡ ಫೊನೆಟಿಕ್, ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಒತ್ತುತ್ತಾ ಹೋದರೆ ಕನ್ನಡ ಮೂಡುತ್ತದೆ. ಮೊಬೈಲ್‌ನಲ್ಲಿ ಹಾಗೆ ಬರೆದು ರೂಢಿಯಾದವರಿಗೆ ಇದು ಸುಲಭ. ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿದರೆ ಇಂಗ್ಲಿಷ್, ಕನ್ನಡಗಳ ನಡುವೆ ಬದಲಾಗುತ್ತದೆ.

ವರ್ಷಗಟ್ಟಲೆ ನುಡಿಯಲ್ಲಿ ಬೆರಳಾಡಿಸಿದವರ ಕಥೆ ಬೇರೆ. ಅವರಿಗೆ ಒತ್ತಕ್ಷರ ಬೇಕೆಂದರೆ ಬೆರಳು ತಾನಾಗಿ ಎಫ್ ಕೀಗೆ ಹೋಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ವಿಂಡೋಸ್ ಜೊತೆ ಬರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಂಡು ಯುನಿಕೋಡ್‌ನಲ್ಲಿ ಬರೆಯುವಂತೆ ಹೊಂದಿಸಿಕೊಂಡರೆ ಹಳೆಯ ಅಭ್ಯಾಸ ಬಿಡದೆ ಮುಂದುವರಿಯಬಹುದು.

ಹೊಸ ಕಂಪ್ಯೂಟರ್‌ಗೆ ಹಳೆಯ ಕಡತಗಳನ್ನು ತಂದ ಮೇಲೆ ಹಿರಿಯರಿಗೆ ಆಗುವ ದೊಡ್ಡ ಆಘಾತ ಇಲ್ಲೇ ಇದೆ. ಇಪ್ಪತ್ತು ವರ್ಷದ ಹಿಂದೆ ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ ಬರೆದ ಲೇಖನ, ವಂಶಾವಳಿ, ಶಾಸನದ ಟಿಪ್ಪಣಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಟೋಪಿ ಇಟ್ಟ ಅಕ್ಷರ, ಏನೇನೋ ಚಿಹ್ನೆಗಳ ಸಾಲು. ಕಡತ ಹಾಳಾಯಿತೆಂದು ಅಳಿಸಿಬಿಡುವವರೂ ಇದ್ದಾರೆ. ಖಂಡಿತ ಅಳಿಸಬಾರದು.

ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬರೆದ ಕನ್ನಡವು ಕಂಪ್ಯೂಟರ್‌ನ ಒಳಗೆ ಕನ್ನಡವಾಗಿ ಇರುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸಲಾಗುತ್ತಿತ್ತು. ಆ ವೇಷ ಇದ್ದದ್ದು ಫಾಂಟಿನಲ್ಲಿ. ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿ ಒಳಗಿನ ಅಕ್ಷರ ಕಾಣುತ್ತಿದೆ, ಅಷ್ಟೇ. ಹಳೆಯ ಕಂಪ್ಯೂಟರ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹದ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದರೆ ಬರಹ ಮತ್ತೆ ಕನ್ನಡವಾಗಿ ಕಾಣುತ್ತದೆ. ಶಾಶ್ವತ ಪರಿಹಾರ ಬೇಕಾದರೆ ನುಡಿಯಲ್ಲಿಯೇ ಇರುವ ಪರಿವರ್ತಕದಿಂದ ಅದನ್ನು ಯುನಿಕೋಡ್‌ಗೆ ಬದಲಿಸಬೇಕು. ಬದಲಿಸಿದ ಪ್ರತಿಯನ್ನು ಒಮ್ಮೆ ಪೂರ್ತಿ ಓದಬೇಕು. ಅರ್ಕಾವತ್ತು, ಎರಡೆರಡು ಒತ್ತುಗಳಿರುವ ಸಂಸ್ಕೃತ, ಪ್ರಾಕೃತ ಪದಗಳು ಕೆಡುವ ಸಾಧ್ಯತೆಯಿದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಮಾರ್ಪಟ್ಟಿರಬಹುದು. ಮೂಲ ಪ್ರತಿಯನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಇನ್ನೊಂದು ಪ್ರತಿ ಎಲ್ಲಿದೆ?

ಫೋಟೋಗಳನ್ನು ಮೊಬೈಲ್‌ನಿಂದ ಕಂಪ್ಯೂಟರ್‌ಗೆ ಹಾಕಿ ಮೊಬೈಲ್‌ನಲ್ಲಿ ಅಳಿಸಿದರೆ ಅದು ಬ್ಯಾಕಪ್ ಅಲ್ಲ, ಸ್ಥಳ ಬದಲಾವಣೆ. ಒಂದೇ ವಸ್ತು ಎರಡು ಕಡೆ ಇದ್ದಾಗ ಮಾತ್ರ ಬ್ಯಾಕಪ್. ಹೊಸ ಕಂಪ್ಯೂಟರ್‌ಗಳಲ್ಲಿರುವ ಎಸ್‌ಎಸ್‌ಡಿ ಹಳೆಯ ಹಾರ್ಡ್ ಡಿಸ್ಕಿಗಿಂತ ಬಹಳ ವೇಗ. ಆದರೆ ಹಳೆಯದು ಕೆಡುವ ಮುನ್ನ ಹಲವೊಮ್ಮೆ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು, ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಬಿಡಬಹುದು.

ಒನ್‌ಡ್ರೈವ್ ಇದೆಯಲ್ಲ ಎಂಬ ನಂಬಿಕೆಗೂ ಮಿತಿಯಿದೆ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಗೂಗಲ್ ಕೊಡುವ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಅದಕ್ಕಿಂತ ಮುಖ್ಯವಾದದ್ದು, ಒನ್‌ಡ್ರೈವ್ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ವ್ಯವಸ್ಥೆ. ಜಾಗ ತುಂಬಿತೆಂದು ಅಲ್ಲಿ ಅಳಿಸಿದರೆ ಇಲ್ಲಿಯೂ ಹೋಗುತ್ತದೆ. ಇದು ತಿಳಿಯದೆ ಅಳಿಸಿದವರು ಕೂಡಲೇ ಅದರ ರೀಸೈಕಲ್ ಬಿನ್ ನೋಡಬೇಕು, ಕೆಲವು ದಿನ ಅಲ್ಲಿ ಉಳಿದಿರುತ್ತದೆ.

ಮನೆಗೆ ಸರಳವಾದದ್ದೆಂದರೆ 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ತಿಂಗಳಿಗೊಮ್ಮೆ ಜೋಡಿಸಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಕಾಪಿ ಮಾಡಿ ಬಿಚ್ಚಿಡಬೇಕು. ಯಾವಾಗಲೂ ಜೋಡಿಸಿಯೇ ಇಟ್ಟರೆ ಸಿಡಿಲಿಗೂ ವೈರಸ್ಸಿಗೂ ಎರಡೂ ಒಟ್ಟಿಗೇ ಬಲಿಯಾಗುತ್ತವೆ. ತೀರ ಅಮೂಲ್ಯವಾದ ಕೆಲವನ್ನು ಬೇರೆ ಊರಿನಲ್ಲಿರುವ ಮಕ್ಕಳ ಬಳಿ ಇನ್ನೊಂದು ಪ್ರತಿಯಾಗಿ ಇಡಬಹುದು. ಅವರಿಗೆ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಗಾತ್ರ ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲದಂತೆಯೇ ತಲುಪುತ್ತದೆ. ಹಳೆಯ ಕಪ್ಪುಬಿಳುಪು ಫೋಟೋಗಳನ್ನು ಸ್ಕ್ಯಾನ್ ಮಾಡಿಸುವಾಗ 300 ಡಿಪಿಐ ಬದಲು 600 ಕೇಳಬೇಕು, ಮುಂದೆ ದೊಡ್ಡದಾಗಿ ಪ್ರಿಂಟ್ ಹಾಕಿಸಲು ಅನುಕೂಲ.

ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಸದ್ದು ಮಾಡುತ್ತಾ, ಈ ನಂಬರ್‌ಗೆ ಫೋನ್ ಮಾಡಿ ಎಂದು ಕಂಡರೆ ಅದು ವಂಚನೆ. ಯಾವ ಸಂಸ್ಥೆಯೂ ಹಾಗೆ ಫೋನ್ ನಂಬರ್ ತೋರಿಸುವುದಿಲ್ಲ. ಬ್ರೌಸರ್ ಮುಚ್ಚಬೇಕು, ಮುಚ್ಚದಿದ್ದರೆ ಕಂಪ್ಯೂಟರ್ ಆರಿಸಬೇಕು. ಫೋನಿನಲ್ಲಿ ಯಾರೋ ಹೇಳಿದರೆಂದು ದೂರದಿಂದ ಕಂಪ್ಯೂಟರ್ ನಿಯಂತ್ರಿಸುವ ಆಪ್ ಹಾಕಿಕೊಳ್ಳಬಾರದು. ಹಣ ಹೋಗಿದ್ದರೆ ಒಂದು ಕ್ಷಣವೂ ಕಾಯದೆ 1930 ಸಹಾಯವಾಣಿಗೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಳೆಯ ಕಂಪ್ಯೂಟರನ್ನು ಹೊಸದು ಬಂದ ವಾರವೇ ಗುಜರಿಗೆ ಕೊಡುವುದು ಬೇಡ. ಎರಡು ಮೂರು ತಿಂಗಳು ಮೂಲೆಯಲ್ಲಿರಲಿ. ಟ್ಯಾಲಿಯ ಲೆಕ್ಕ, ಇಮೇಲ್‌ನ ಹಳೆಯ ಪತ್ರಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಡೆಸ್ಕ್‌ಟಾಪ್ ಮೇಲೆಯೇ ಬಿಟ್ಟಿದ್ದ ಫೋಲ್ಡರ್, ಹೀಗೆ ಏನಾದರೊಂದು ನೆನಪಾಗುತ್ತಲೇ ಇರುತ್ತದೆ. ಆಮೇಲೂ ಕೊಡುವಾಗ ಹಾರ್ಡ್ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಉಳಿಸಿಕೊಂಡು ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್ ತಂದರೆ ಆ ಡಿಸ್ಕ್ ಪೆನ್‌ಡ್ರೈವ್‌ನಂತೆ ಹೊಸ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆ. ಹಳೆಯ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿರದಿದ್ದರೆ ಯಾವ ಕೀಯನ್ನೂ ಕೇಳುವುದಿಲ್ಲ.